ನಾರುಹುಣ್ಣು ಕಲಿಸಿದ ಪಾಠ



ಆಳಂದ ತಾಲೂಕಿನ ಕಿಣ್ಣಿ ಸುಲ್ತಾನವಿರಲಿ, ಅಫಜಲಪುರ, ಜೇವರ್ಗಿ ಭಾಗದ ಬೇರೆ ಹಳ್ಳಿಯಿರಲಿ, ತಮ್ಮೂರಿನ ಎಪ್ಪತ್ತು ದಾಟಿದ ಹಿರಿಯರನ್ನು ನಾರುಹುಣ್ಣಿನ ವಿಷಯ ಕೇಳಿ ನೋಡಿರಿ. ಒಂದು ಕಾಲಕ್ಕೆ ಕಲಬುರಗಿ ಜಿಲ್ಲೆಯೂ ಈ ರೋಗದ ನೆಲೆಗಳಲ್ಲೊಂದಾಗಿತ್ತು. ಕಾಲಿನ ಮೇಲೆ ಉರಿಯುವ ಬೊಕ್ಕೆ ಎದ್ದು, ಅದು ಒಡೆದು, ಬಿಳಿ ದಾರದಂಥ ಹುಳು ಹೊರಬರುತ್ತಿತ್ತು. ಅದರ ಉದ್ದ 60ರಿಂದ 100 ಸೆಂಟಿಮೀಟರು. ಸಾವು ವಿರಳ, ಆದರೆ ವಾರಗಟ್ಟಲೆ ಹಾಸಿಗೆ ಹಿಡಿದವನ ಹೊಲವನ್ನು ಹರಗುವವರು ಯಾರು?

ಹಿರಿಯರು ಇದನ್ನು ಹೇಗೆ ತಿಳಿದಿದ್ದರು? ಹೆಸರೇ ಹೇಳುತ್ತದೆ. ನಾರಿನಂತೆ ಕಂಡಿದ್ದರಿಂದ ನಾರು. ಆಯುರ್ವೇದ ಗ್ರಂಥಗಳು ಇದನ್ನು ‘ಸ್ನಾಯುಕ’ ಎಂದವು. ಮೈಯೊಳಗಿನ ನರವೇ ಕೆಟ್ಟು ಹೊರಬರುತ್ತದೆಂದು ಬಗೆದವರೂ ಇದ್ದರು.

ಚಿಕಿತ್ಸೆ ಮಾತ್ರ ಅಚ್ಚುಕಟ್ಟಾದುದು. ಹುಳುವಿನ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕಿಷ್ಟೇ ಎಂದು ಮೆಲ್ಲಗೆ ಎಳೆಯುತ್ತಿದ್ದರು. ಅವಸರಪಟ್ಟು ಎಳೆದರೆ ಹುಳು ಹರಿದು, ಕಾಲು ಬಾತು ಕೀವಾಗುತ್ತದೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಈ ಹುಳುವನ್ನು ಕೊಲ್ಲುವ ಔಷಧವಾಗಲಿ, ತಡೆಯುವ ಲಸಿಕೆಯಾಗಲಿ ಇಂದಿಗೂ ಇಲ್ಲ. ಹುಣ್ಣನ್ನು ಶುಚಿಯಾಗಿಟ್ಟು ಹುಳುವನ್ನು ಸುತ್ತಿ ತೆಗೆಯುವುದೇ ಇಂದಿನ ವೈದ್ಯರ ಕ್ರಮವೂ ಆಗಿದೆ.

ಹಾಗಾದರೆ ಹಿರಿಯರು ತಪ್ಪಿದ್ದೆಲ್ಲಿ? ಕಾರಣ ಹುಡುಕುವಲ್ಲಿ. ಅದಕ್ಕೆ ಅವರನ್ನು ದೂರುವಂತಿಲ್ಲ. ರೋಗಿ ಉರಿ ತಾಳದೆ ಪಾವಟಿಗೆ ಬಾವಿಗಿಳಿದು ಕಾಲನ್ನು ನೀರಿಗಿಟ್ಟೊಡನೆ ಹುಳು ಅಸಂಖ್ಯಾತ ಮರಿಗಳನ್ನು ಬಿಡುತ್ತದೆ. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಚಿಕ್ಕ ಜೀವಿ ಅವನ್ನು ನುಂಗುತ್ತದೆ. ಆ ನೀರನ್ನು ಕುಡಿದವರ ಮೈಯಲ್ಲಿ ಹುಳು ಬೆಳೆದು, ಸುಮಾರು ಒಂದು ವರ್ಷದ ನಂತರ ಹೊರಬೀಳುತ್ತದೆ. ಹೋದ ಬೇಸಿಗೆಯಲ್ಲಿ ಕುಡಿದ ನೀರಿಗೂ ಈ ಬೇಸಿಗೆಯ ಹುಣ್ಣಿಗೂ ಯಾರು ಗಂಟು ಹಾಕಿಯಾರು? 1870ರಲ್ಲಿ ರಷ್ಯದ ವಿಜ್ಞಾನಿ ಫೆಡ್ಚೆಂಕೊ ಸೈಕ್ಲಾಪ್ಸ್‌ನಲ್ಲಿ ಈ ಮರಿಗಳನ್ನು ಕಂಡ ಮೇಲೆಯೇ ಗುಟ್ಟು ಬಯಲಾಯಿತು.

ಕಾರಣ ತಿಳಿದ ಮೇಲೆ ಉಪಾಯ ಸುಲಭವಾಯಿತು. ಭಾರತದಲ್ಲಿ 1983-84ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದಾಗ ವರ್ಷಕ್ಕೆ ಸುಮಾರು 40 ಸಾವಿರ ರೋಗಿಗಳಿದ್ದರು. ಪಾವಟಿಗೆ ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಲಾಯಿತು. ಕೊಳವೆ ಬಾವಿ ಕೊರೆಯಲಾಯಿತು. ನೀರನ್ನು ಬಟ್ಟೆಯಲ್ಲಿ ಸೋಸಲು ಹೇಳಿಕೊಡಲಾಯಿತು. ಸೈಕ್ಲಾಪ್ಸ್ ಕೊಲ್ಲಲು ನೀರಿಗೆ ಟೆಮಿಫಾಸ್ ಹಾಕಲಾಯಿತು. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದರು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಒಂದು ಹನಿ ಔಷಧ ಕುಡಿಸದೆ ಗೆದ್ದ ರೋಗವಿದು!

ಬೇಸಾಯ ವಿಜ್ಞಾನಿಗೆ ಈ ಕಥೆಯೇಕೆ ಎಂದು ತಾವು ಕೇಳಬಹುದು. ತಮ್ಮ ತೊಗರಿ ಹೊಲವನ್ನು ನೆನೆಯಿರಿ. ಹೂ, ಕಾಯಿ ಬಿಡುವ ಹೊತ್ತಿಗೆ ಗಿಡ ಬಾಡಿ ಒಣಗಿದರೆ ದೃಷ್ಟಿ ತಾಗಿತು, ನೀರು ಸಾಲಲಿಲ್ಲ ಎನ್ನುವುದುಂಟು. ಆದರೆ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿದ್ದು, ಬಹಳ ಮೊದಲೇ ಬೇರಿನ ಮೂಲಕ ಒಳಹೊಕ್ಕಿರುತ್ತದೆ. ಒಣಗಿದ ಗಿಡಕ್ಕೆ ಔಷಧ ಸಿಂಪಡಿಸಿ ಫಲವಿಲ್ಲ. ರೋಗ ನಿರೋಧಕ ತಳಿ, ಬೀಜೋಪಚಾರ, ಜೋಳದೊಡನೆ ಸರದಿ ಬೆಳೆ, ಇವೇ ಇಲ್ಲಿನ ಸೋಸುವ ಬಟ್ಟೆ.

ಕೊನೆಯದಾಗಿ ಒಂದು ಮಾತು. ನಾರುಹುಣ್ಣು ಹೋಯಿತೆಂದು ಹೊಲದ ಕೃಷಿ ಹೊಂಡದ ನೀರನ್ನು ಬೊಗಸೆಯಲ್ಲೆತ್ತಿ ಕುಡಿಯಬೇಡಿರಿ. ಆ ನೀರು ಬೆಳೆಗೆ, ಬಾಯಿಗಲ್ಲ. ಬಟ್ಟೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ಉಳಿಯುವುದಿಲ್ಲ. ಆದರೆ ಕಾಲರಾ, ವಿಷಮಶೀತ ಜ್ವರಗಳ ರೋಗಾಣುಗಳು ಬಟ್ಟೆಯನ್ನು ದಾಟಿ ಬರುತ್ತವೆ. ಆದ್ದರಿಂದ ಹೊಲಕ್ಕೆ ಹೋಗುವಾಗ ಬುತ್ತಿಯ ಜೊತೆಗೆ ಕಾಯಿಸಿ ಆರಿಸಿದ ನೀರನ್ನೂ ಒಯ್ಯಿರಿ.