ತೋಟಾದ ಮನೆ

ಮುರಗೋಡದ ಸುತ್ತಿನ ನಾಡಿನಲ್ಲಿ ಬಂದೂಕಿನ ನೆನಪು ಹಳೆಯದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಮಡಿದನು. ಅವನಿಗೆ ತಗುಲಿದ ಗುಂಡು ಅಮಟೂರು ಬಾಳಪ್ಪನದೆಂದು ಜನ ಇಂದಿಗೂ ಹೇಳುತ್ತಾರೆ. 1857ರಲ್ಲಿ ಹಲಗಲಿಯ ಬೇಡರು ಆಯುಧಗಳನ್ನೊಪ್ಪಿಸಲು ಒಲ್ಲೆವೆಂದು ಸೆಣಸಿದರು. ಮರುವರ್ಷ ರಾಮದುರ್ಗದ ಸೀಮೆಯ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರ ಕೈಯಲ್ಲಿ ಮ್ಯಾನ್ಸನ್ ಹತನಾದನು. ಇಷ್ಟನ್ನೂ ಬಲ್ಲ ನಾವು ನಾಟಕದಲ್ಲಿಯೂ ಮೆರವಣಿಗೆಯ ದೃಶ್ಯಗಳಲ್ಲಿಯೂ ಆ ವೀರರ ಕೈಗೆ ಕೊಡುವ ಬಂದೂಕು ಮಾತ್ರ ಎಷ್ಟೋ ಸಲ ಅವರ ಮೊಮ್ಮಕ್ಕಳ ಕಾಲದ್ದಾಗಿರುತ್ತದೆ!

ಈ ಗೊಂದಲಕ್ಕೆ ‘ತೋಟಾ’ ಎಂಬ ಮಾತೇ ಅರ್ಧ ಕಾರಣ. (ಬಾಳೆ, ಕಬ್ಬು ಬೆಳೆಯುವ ತೋಟವಲ್ಲ, ದೀರ್ಘವನ್ನು ನುಂಗಬಾರದು.) ಕಿತ್ತೂರಿನ ಕಾಲದಲ್ಲಿ ಕಂಪನಿಯ ಸಿಪಾಯಿಯ ಚೀಲದಲ್ಲಿದ್ದ ತೋಟಾ ಬರಿಯ ಕಾಗದದ ಸುರುಳಿ, ಒಳಗೆ ಮದ್ದು, ತುದಿಗೆ ಸೀಸದ ಗುಂಡು. ಅದನ್ನು ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಚಕಮಕಿಯ ಬಳಿಯ ಬಟ್ಟಲಿಗೆ ಸುರಿದು, ಉಳಿದುದನ್ನು ನಳಿಗೆಯ ಬಾಯಿಗೆ ಹಾಕಿ ಗಜದಿಂದ ಜಡಿಯಬೇಕು. ನಳಿಗೆಯ ವ್ಯಾಸ ಸುಮಾರು ಮುಕ್ಕಾಲು ಅಂಗುಲ. ಗುಂಡು ಅದಕ್ಕಿಂತ ಸಣ್ಣದು, ಸಡಿಲವಾಗಿಯೇ ಇಳಿಯುತ್ತಿತ್ತು. ಅಲ್ಲಿ ತೋಟಾಕ್ಕೆ ಮನೆಯೆಂಬುದೇ ಇಲ್ಲ. 1853ರ ಎನ್‌ಫೀಲ್ಡಿಗೂ ಕಾಗದದ ತೋಟಾವೇ. ಅದಕ್ಕೆ ಸವರಿದ ಕೊಬ್ಬಿನ ಕಥೆ ಎಲ್ಲರಿಗೂ ಗೊತ್ತು. 1866ರಲ್ಲಿ ಅದೇ ಎನ್‌ಫೀಲ್ಡಿನ ಬುಡವನ್ನು ಕತ್ತರಿಸಿ ಬಾಗಿಲಿಟ್ಟು ಸ್ನೈಡರನ್ನು ಮಾಡಿದರು. ತೋಟಾ ಲೋಹದ್ದಾಗಿ ಹಿಂದಿನಿಂದ ಒಳಹೊಕ್ಕಿತು; ಬಂದೂಕಿನ ಬುಡದಲ್ಲಿ ಅದಕ್ಕೆ ಅಳತೆಗೆ ಸರಿಯಾದ ಮನೆಯೊಂದು ಬೇಕಾಯಿತು.

ಈ ಮನೆಯ ಅಳತೆಯನ್ನು ಕಂಡುಹಿಡಿಯುವುದು ಇಂದು ಒಂದು ವಿದ್ಯೆಯೇ ಆಗಿದೆ. 1950ರ ದಶಕದ ಕೊನೆಯಿಂದ ಇಟಲಿಯ ಗಾರ್ಡೋನೆ ಕಣಿವೆಯ ಕಮ್ಮಟಗಳು ಕಪ್ಪು ಮದ್ದಿನ ಹಳೆಯ ಆಯುಧಗಳ ಪ್ರತಿಗಳನ್ನು ಮಾಡತೊಡಗಿದವು. ನಮ್ಮ ದೇಶದಲ್ಲಿಯೂ ಚಕಮಕಿ ಬಂದೂಕಿನ ಪ್ರತಿಗಳು ಸಿದ್ಧವಾಗಿ, ಕಿವಿಯ ರಂಧ್ರವನ್ನು ಕೊರೆಯದೆಯೇ, ಇತಿಹಾಸದ ಕಾಳಗಗಳನ್ನು ಆಡಿ ತೋರಿಸುವವರಿಗಾಗಿ ಹೊರದೇಶಗಳಿಗೆ ಹೋಗುತ್ತವೆ. ನೋಟಕ್ಕೆ ಹಳೆಯದು, ಹುಟ್ಟಿನಲ್ಲಿ ಹೊಸದು. ಇಂಥ ಬಂದೂಕು ಕೈಗೆ ಬಂದಾಗ ಅದರ ಹೆಸರನ್ನು ನಂಬಿ ತೋಟಾ ತುಂಬುವುದು ಅಪಾಯಕರ.

ಹೆಸರುಗಳೇ ಮೋಸಗೊಳಿಸುತ್ತವೆ. ಮಾರ್ಟಿನಿ-ಹೆನ್ರಿಯ ತೋಟಾಕ್ಕೆ ‘577/450’ ಎಂದು ಹೆಸರು. ಸ್ನೈಡರಿನ 577ರ ದಪ್ಪ ಬುಡವನ್ನು ಉಳಿಸಿಕೊಂಡು ಕತ್ತನ್ನು 450ಕ್ಕೆ ಹಿಸುಕಿದ್ದಾರೆಂದು ಅದರ ಅರ್ಥ. ಆದರೆ ಗುಂಡನ್ನು ಅಳೆದರೆ 450ಕ್ಕೂ ಹೆಚ್ಚು! ಅಮೆರಿಕದ ಪದ್ಧತಿಯಲ್ಲಿ ‘45-70’ ಎಂದರೆ ಅಂಗುಲದ ನೂರರಲ್ಲಿ 45 ಭಾಗದ ನಳಿಗೆ, 70 ಗ್ರೇನ್ ಕಪ್ಪು ಮದ್ದು. ಅದೇ ನಳಿಗೆಗೆ 45-90, 45-110, 45-120 ಎಂಬ ಅಣ್ಣತಮ್ಮಂದಿರೂ ಇದ್ದಾರೆ. ಬುಡದ ಅಂಚು ಒಂದೇ, ಗುಂಡಿನ ದಪ್ಪ ಒಂದೇ, ಭೇದವೆಲ್ಲ ಉದ್ದದಲ್ಲಿ. ಮೊದಲನೆಯದರ ಹಿತ್ತಾಳೆಯ ಕೋಶ ಸುಮಾರು 2.1 ಅಂಗುಲ, ಕೊನೆಯದು 3.25. ಆದುದರಿಂದ ಉದ್ದನೆಯ ಮನೆಯಲ್ಲಿ ಗಿಡ್ಡ ತೋಟಾ ಸಲೀಸಾಗಿ ಕೂಡುತ್ತದೆ, ಸಿಡಿಯುತ್ತದೆ ಕೂಡ. ಗುಂಡು ಮಾತ್ರ ಕೋಶದಿಂದ ಹೊರಟು ನಳಿಗೆಯನ್ನು ಸೇರುವ ಮೊದಲು ಬಯಲನ್ನು ದಾಟಬೇಕು. ಉದ್ದನೆಯ ತೋಟಾವನ್ನು ಗಿಡ್ಡ ಮನೆಗೆ ಒತ್ತಿ ತುರುಕಿದರೆ ಇನ್ನೂ ಕೇಡು: ಕೋಶದ ಬಾಯಿ ಇಕ್ಕಟ್ಟಿನಲ್ಲಿ ಸಿಕ್ಕು, ಗುಂಡನ್ನು ಬಿಡಲಾರದೆ, ಒತ್ತಡ ಮಿತಿಮೀರುತ್ತದೆ. ನಳಿಗೆಯ ಮೇಲಿನ ಮುದ್ರೆಯನ್ನೋದಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ಹಿಂದಿನ ಒಡೆಯನು ಮನೆಯನ್ನು ಮತ್ತೆ ಕೊರೆಸಿ ಉದ್ದ ಮಾಡಿಸಿದ್ದರೆ ಮುದ್ರೆಗೆ ಅದರ ಸುದ್ದಿ ಹೇಗೆ ತಿಳಿಯಬೇಕು?

ಹೀಗಾಗಿ ಬಲ್ಲವರು ಅಚ್ಚು ತೆಗೆಯುತ್ತಾರೆ. ಬಂದೂಕು ಬರಿದಾಗಿದೆಯೆಂದು ಮೊದಲು ಖಚಿತಮಾಡಿಕೊಂಡು, ಮನೆಯನ್ನು ಚೊಕ್ಕಟಗೊಳಿಸಿ, ಅದರ ಮುಂದೆ ನಳಿಗೆಗೆ ಅರಿವೆಯ ಬಿರಡೆಯಿಟ್ಟು, ಹಿಂದಿನಿಂದ ಕರಗಿದ ದ್ರವವನ್ನು ಹೊಯ್ಯುತ್ತಾರೆ. ಮೊದಲು ಗಂಧಕವನ್ನು ಬಳಸುತ್ತಿದ್ದರು. ಈಗ ಬಿಸ್ಮತ್ ಬೆರೆತ ಮಿಶ್ರಲೋಹವುಂಟು, ಕುದಿಯುವ ನೀರಿಗಿಂತ ಕಡಿಮೆ ಕಾವಿಗೇ ಕರಗುತ್ತದೆ. ಅದರ ಸ್ವಭಾವ ಸೋಜಿಗದ್ದು. ಮೊದಲು ತುಸು ಕುಗ್ಗುತ್ತದೆ, ಆಗಲೇ ಹೊರತೆಗೆಯಬೇಕು. ಬಳಿಕ ಮೆಲ್ಲನೆ ಹಿಗ್ಗುತ್ತ ಸುಮಾರು ಒಂದು ತಾಸಿಗೆ ಮನೆಯ ನಿಜವಾದ ಅಳತೆಗೆ ಬರುತ್ತದೆ. ಅಳತೆಗೋಲನ್ನು ಹಚ್ಚುವುದು ಆಗ. ಬುಡದ ಅಂಚು, ಹೆಗಲು, ಕತ್ತು, ಒಟ್ಟು ಉದ್ದ ಎಲ್ಲವೂ ಆ ಲೋಹದ ಕಡ್ಡಿಯಲ್ಲಿ ಮೂಡಿರುತ್ತವೆ. ನಳಿಗೆಯ ಒಳಗೆರೆಗಳ ಆಳಕ್ಕೆ ಬೇರೆ ಉಪಾಯ: ಮೆದು ಸೀಸದ ಉಂಡೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೂಕಿ ಅಳೆಯುವುದು.

ಅಳತೆ ಕೂಡಿದರೂ ಒಂದು ಪ್ರಶ್ನೆ ಉಳಿಯುತ್ತದೆ, ಬಲದ್ದು. ಕಪ್ಪು ಮದ್ದಿಗೆಂದು ಮಾಡಿದ ನಳಿಗೆ ಹೊಗೆಯಿಲ್ಲದ ಹೊಸ ಮದ್ದಿನ ಒತ್ತಡವನ್ನು ತಾಳಬೇಕೆಂದಿಲ್ಲ. ಅಚ್ಚು ಆಕಾರವನ್ನು ಹೇಳುತ್ತದೆ, ಉಕ್ಕಿನ ತಾಳಿಕೆಯನ್ನು ಹೇಳದು.

ಪರದೇಶದ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಹೊಗೆಯಿಲ್ಲದ ಮದ್ದಿನ ಕಾಲಕ್ಕೆ ಸೇರಿದ್ದಾದರೂ, ನಮ್ಮ ಇಷಾಪುರದ ಕಾರ್ಖಾನೆಯ ಒಂದು ಕೆಲಸ ಇದಕ್ಕೆ ತಕ್ಕ ಸಾಕ್ಷಿ. ಅಲ್ಲಿ 303 ರೈಫಲುಗಳ ಒಳಗೆರೆಗಳಿಲ್ಲದ 410 ರೂಪವನ್ನು ಪೊಲೀಸರಿಗಾಗಿ ಸಿದ್ಧಪಡಿಸಿದರು. ಮರದ ಹಿಡಿ, ಅಗುಳಿ, ಮೂತಿ ಎಲ್ಲವೂ 303ರದೇ. ಅದರ ತೋಟಾ ಕತ್ತು ಹಿಸುಕದ 303 ಕೋಶ. ಪೇಟೆಯ 410 ಬೇಟೆತೋಟಾ ಅದರ ಮೂಲ ಮನೆಗೆ ಹೊಂದುವುದಿಲ್ಲ. ಮುಂದೆ ಅವುಗಳಲ್ಲಿ ಎಷ್ಟೋ ಬಂದೂಕುಗಳ ಮನೆಯನ್ನು ಕೊರೆದು ಬೇಟೆತೋಟಾಕ್ಕೆ ಒಗ್ಗಿಸಿದರು. ಎರಡನ್ನು ಅಕ್ಕಪಕ್ಕ ಗೋಡೆಗೆ ತೂಗುಹಾಕಿದರೆ ಕಣ್ಣಿಗೆ ಯಾವ ಭೇದವೂ ತೋರದು. ಅಗುಳಿಯನ್ನು ಎಳೆದು, ಬೆಳಕು ಹಿಡಿದು, ಮನೆಯೊಳಗೆ ನೋಡಬೇಕು.