ಹೆಸರು ಬರೆಸಲು ಮೊಬೈಲೇ ಬೇಕೆ?

ಸೊರಬ ತಾಲ್ಲೂಕಿನ ಆನವಟ್ಟಿ ಶಿರಾಳಕೊಪ್ಪ–ಹಾನಗಲ್ ರಸ್ತೆಯಲ್ಲಿರುವ ಊರು. ಒಂದು ಮಗ್ಗುಲಿಗೆ ಮಲೆನಾಡು, ಇನ್ನೊಂದು ಮಗ್ಗುಲಿಗೆ ಹಾವೇರಿ ಸೀಮೆ. ಜ್ವರ, ಕೆಮ್ಮಿಗೆ ಊರಿನ ಆಸ್ಪತ್ರೆಯೇ ಸಾಕು. ಹೃದಯ, ಮೂತ್ರಪಿಂಡದ ತೊಂದರೆ ಎಂದಾಗ ಶಿವಮೊಗ್ಗದ ಮೆಗ್ಗಾನ್, ಹುಬ್ಬಳ್ಳಿಯ ಕಿಮ್ಸ್, ಇಲ್ಲವೇ ಘಟ್ಟ ಇಳಿದು ಮಣಿಪಾಲ. ಬೆಳಗಿನ ಬಸ್ಸಿಗೆ ಹೊರಟರೂ ತಲುಪುವಷ್ಟರಲ್ಲಿ ಹೊತ್ತು ಏರಿರುತ್ತದೆ. ಎಪ್ಪತ್ತು ದಾಟಿದವರು ಅಷ್ಟು ದೂರ ಹೋಗಿ, ಡಾಕ್ಟರು ರಜೆ ಎಂದು ಕೇಳಿಸಿಕೊಂಡು ವಾಪಸ್ಸಾಗುವುದು ಸಣ್ಣ ಸಂಕಟವಲ್ಲ. ಮುಂಚೆಯೇ ಹೆಸರು ಬರೆಸುವುದಕ್ಕೆ ಈ ಕಡೆ ಬೆಲೆ ಬಂದದ್ದು ಹೀಗೆ.

ಬಹುಕಾಲ ಅದು ಕಾಂಪೌಂಡರ್ ಮುಂದಿನ ಪುಸ್ತಕದಲ್ಲೇ ಮುಗಿಯುತ್ತಿದ್ದ ಕೆಲಸ. ಬೆಳಿಗ್ಗೆ ಯಾರಾದರೂ ಹೋಗಿ ಹೇಳಿದರೆ ನಂಬರು ಸಿಗುತ್ತಿತ್ತು. ಪಕ್ಕದ ಮನೆಯ ಅಜ್ಜನ ಹೆಸರನ್ನೂ ಜೊತೆಗೇ ಬರೆಸಿ ಬರಬಹುದಿತ್ತು. ಆಮೇಲೆ ಬಂದದ್ದು ಫೋನು. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ. 128 ಲೈನುಗಳ, ಧೂಳು–ಸೆಕೆಗೆ ಜಗ್ಗದ, ಎ.ಸಿ. ಕೋಣೆ ಕೇಳದ ಆ ಯಂತ್ರ ಹಳ್ಳಿಗಳಿಗೆ ಹಬ್ಬಿತು. ಹಿಂದೆಯೇ ಎಸ್‌ಟಿಡಿ ಬೂತುಗಳು ಬಂದವು. ‘ಡಾಕ್ಟ್ರು ನಾಳೆ ಸಿಗ್ತಾರೇನ್ರೀ?’ ಎಂದು ದೂರದ ಆಸ್ಪತ್ರೆಯನ್ನು ಕೇಳುವುದು ಸಾಧ್ಯವಾಯಿತು. ನಂಬರು ಒತ್ತಿಕೊಡಲು ಬೂತಿನವರಿದ್ದರು. ಓದು ಬಾರದ ಅಜ್ಜಿಗೂ ಅಷ್ಟು ಸಾಕಿತ್ತು.

ಸರ್ಕಾರವೂ ಫೋನನ್ನೇ ನೆಚ್ಚಿತು. 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಬಂತು. 2013ರಲ್ಲಿ ಹುಬ್ಬಳ್ಳಿಯಿಂದ 104 ಆರೋಗ್ಯ ಸಹಾಯವಾಣಿ ಆರಂಭವಾಯಿತು. ಕನ್ನಡದಲ್ಲೇ ಕೇಳಿ ಸಲಹೆ ಪಡೆಯುವ ಅನುಕೂಲ ಅದು. ಇದಕ್ಕೂ ಮೊದಲೇ, 2007ರ ಹಿರಿಯ ನಾಗರಿಕರ ಕಾಯ್ದೆ ತನ್ನ 20ನೇ ಕಲಮಿನಲ್ಲಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸರದಿ ಇರಬೇಕೆಂದು ಹೇಳಿತ್ತು. ಅರವತ್ತು ತುಂಬಿದ ಎಲ್ಲರಿಗೂ ಅದು ಅನ್ವಯಿಸುತ್ತದೆ. ಆ ಸಾಲಿನಲ್ಲಿ ನಿಲ್ಲಲು ಮೊಬೈಲು ಬೇಕಿಲ್ಲ.

2015ರ ಜುಲೈನಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ನೋಂದಣಿ ವ್ಯವಸ್ಥೆ ಬಂತು. ಮೊದಲ ಸಾಲಿನಲ್ಲೇ ಅದಕ್ಕೆ ಸೇರಿದ ಆಸ್ಪತ್ರೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು. 2022ರ ಅಕ್ಟೋಬರ್‌ನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಓಪಿಡಿ ಟೋಕನ್ ಪಡೆಯುವ ಪದ್ಧತಿ ಶುರುವಾಯಿತು. ಫೋನು ಬಲ್ಲವರಿಗೆ ಇದರಿಂದ ನಿಜವಾಗಿಯೂ ಹೊತ್ತು ಉಳಿದಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಫೋನು ಬಲ್ಲವರು ಯಾರು? 2019–20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಮಹಿಳೆಯರು ನೂರಕ್ಕೆ 35 ಮಂದಿ. ಅದೂ 15ರಿಂದ 49 ವರ್ಷದೊಳಗಿನವರ ಲೆಕ್ಕ. ಐವತ್ತು ದಾಟಿದ ಹೆಣ್ಣುಮಕ್ಕಳನ್ನು ಆ ಸಮೀಕ್ಷೆಯಲ್ಲಿ ಈ ಪ್ರಶ್ನೆ ಕೇಳಿಯೇ ಇಲ್ಲ.

ಆನ್‌ಲೈನಿನಲ್ಲಿ ಹೆಸರು ಬರೆಸುವಾಗ ಮೊಬೈಲಿಗೆ ಬರುವ ಒಟಿಪಿ ಎಂಬ ನಾಲ್ಕಾರು ಅಂಕಿ ಎಂಥ ಗೋಡೆಯೆಂಬುದು ಹಿರಿಯರಿರುವ ಮನೆಯವರಿಗೆಲ್ಲ ಗೊತ್ತು. ಆಧಾರ್‌ಗೆ ಜೋಡಿಸಿದ್ದು ಬೆಂಗಳೂರಿನಲ್ಲಿರುವ ಮಗನ ನಂಬರು. ಇಲ್ಲಿ ಅಪ್ಪ ಕೌಂಟರಿನ ಮುಂದೆ, ಅಲ್ಲಿ ಮಗ ಮೀಟಿಂಗಿನಲ್ಲಿ. ಅಂಕಿ ಬಂದದ್ದನ್ನು ಅವನು ನೋಡುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಹಿಂದೆ ನಿಂತವರು ‘ಸ್ವಲ್ಪ ಸರೀರಿ ಅಜ್ಜಾ’ ಎನ್ನುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಚೀಟಿ, ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್, ರೇಷನ್ ಕಾರ್ಡು ಎಲ್ಲವನ್ನೂ ಜೋಪಾನವಾಗಿ ತಂದ ಮನುಷ್ಯ ಪಕ್ಕಕ್ಕೆ ಸರಿಯುತ್ತಾನೆ.

ಇದೇ ಇಂಟರ್ನೆಟ್ಟು ಹಿರಿಯರಿಗೆ ಒದಗಿದ ದಾರಿಯೂ ಒಂದಿದೆ. 2019ರ ನವೆಂಬರ್‌ನಲ್ಲಿ ಆರಂಭವಾದ ಇ-ಸಂಜೀವಿನಿಯಲ್ಲಿ ಹಳ್ಳಿಯ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ತಾವೇ ರೋಗಿಯ ವಿವರ ತುಂಬಿ, ಬಿಪಿ, ಸಕ್ಕರೆ ನೋಡಿ, ದೂರದ ವೈದ್ಯರನ್ನು ಪರದೆಯ ಮೇಲೆ ಕರೆಯುತ್ತಾರೆ. ಅಜ್ಜಿ ಕುರ್ಚಿಯಲ್ಲಿ ಕೂತು ತನ್ನ ನೋವು ಹೇಳಿದರಾಯಿತು. 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲಾದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಲ್ಲಂತೂ ತಪಾಸಣೆಯೇ ಮನೆಬಾಗಿಲಿಗೆ ಬರುತ್ತದೆ. ಕಾಂಪೌಂಡರ್ ಪುಸ್ತಕ, ಎಸ್‌ಟಿಡಿ ಬೂತು, ಈಗ ಉಪಕೇಂದ್ರ: ಹಿರಿಯರಿಗೆ ಡಾಕ್ಟರು ಸಿಕ್ಕಿದ್ದೆಲ್ಲ ನಡುವೆ ಒಬ್ಬ ಮನುಷ್ಯ ಇದ್ದಾಗಲೇ. ಆ ಮನುಷ್ಯನನ್ನು ತೆಗೆದು ಬರೀ ಆ್ಯಪ್ ಇಟ್ಟರೆ ಅದನ್ನು ಸುಧಾರಣೆ ಎನ್ನಲು ನನಗೆ ಮನಸ್ಸು ಬಾರದು.

ಆಸ್ಪತ್ರೆ ನಡೆಸುವವರಲ್ಲಿ, ಖಾಸಗಿಯವರಲ್ಲೂ, ಕೇಳುವುದಿಷ್ಟೇ: ಆನ್‌ಲೈನ್ ಇರಲಿ, ಜೊತೆಗೆ ಕನ್ನಡದಲ್ಲಿ ಉತ್ತರಿಸುವ ಒಂದು ಫೋನು, ಹೆಸರು ಬರೆದುಕೊಳ್ಳುವ ಒಂದು ಕೌಂಟರು ಉಳಿಸಿ. ಓದುಗರೇ, ನಿಮ್ಮ ಮನೆಯ ಹಿರಿಯರ ಡೈರಿಯಲ್ಲಿ ಮೂರು ನಂಬರು ದಪ್ಪಕ್ಷರದಲ್ಲಿ ಬರೆದುಕೊಡಿ: ಆರೋಗ್ಯ ಸಲಹೆಗೆ 104, ಹಿರಿಯರ ಸಹಾಯವಾಣಿ 14567, ಊರಿನ ಆಶಾ ಕಾರ್ಯಕರ್ತೆಯ ಫೋನು. ಆಸ್ಪತ್ರೆಗೆ ಹೋದಾಗ ಹಿರಿಯರ ಸರದಿ ಎಲ್ಲಿದೆ ಎಂದು ಗಟ್ಟಿಯಾಗಿ ಕೇಳಿ. ಅದು ಅವರ ಹಕ್ಕು.