ಚಲಿಸುವ ಕಣ್ಣಿಗೆ ಕಂಡ ನೆಲ: ಡೇವಿಡ್ ಹಾಕ್ನಿಯ ಭೂದೃಶ್ಯಗಳು

ಬೆಟ್ಟ, ಹೊಲ, ಮರ, ಆಕಾಶಗಳನ್ನೇ ಮುಖ್ಯ ವಸ್ತುವಾಗಿಸಿಕೊಂಡ ಚಿತ್ರವನ್ನು ಭೂದೃಶ್ಯ ಚಿತ್ರವೆಂದು ಕರೆಯುವುದು ವಾಡಿಕೆ. ಯುರೋಪಿನಲ್ಲಿ ಹದಿನೇಳನೆಯ ಶತಮಾನದ ಡಚ್ ಕಲಾವಿದರಿಂದ ಹಿಡಿದು ಇಂಗ್ಲೆಂಡಿನ ಕಾನ್‌ಸ್ಟೆಬಲ್, ಫ್ರಾನ್ಸಿನ ಮೊನೆ ಅವರವರೆಗೆ ಈ ಪ್ರಕಾರ ಎತ್ತರಕ್ಕೇರುತ್ತ ಬಂದಿತಾದರೂ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ವೇಳೆಗೆ ಅಮೂರ್ತ ಕಲೆಯ ಭರಾಟೆಯಲ್ಲಿ ಅದು ಬಹುಮಟ್ಟಿಗೆ ಹವ್ಯಾಸಿಗಳ ಮತ್ತು ಕ್ಯಾಲೆಂಡರುಗಳ ಪಾಲಿಗೆ ಸರಿದುಹೋಗಿತ್ತು. ಆಧುನಿಕ ಕಲೆಯ ನಡುಮನೆಗೆ ಅದನ್ನು ಮರಳಿ ಕರೆತಂದವರಲ್ಲಿ ಪ್ರಮುಖರಾದ ಡೇವಿಡ್ ಹಾಕ್ನಿ ಹೆಸರು ಮಾಡಿದ್ದು ಮಾತ್ರ ಬೇರೆಯದೇ ಬಗೆಯ ಚಿತ್ರಗಳಿಂದ.

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಬ್ರ್ಯಾಡ್‌ಫರ್ಡ್, ಉಣ್ಣೆಯ ಗಿರಣಿಗಳ ಹೊಗೆಯಿಂದ ಕಪ್ಪಿಟ್ಟಿದ್ದ ಊರು. ಅಲ್ಲಿ 1937ರ ಜುಲೈ 9ರಂದು ಐವರು ಮಕ್ಕಳಲ್ಲಿ ನಾಲ್ಕನೆಯವರಾಗಿ ಹಾಕ್ನಿ ಜನಿಸಿದರು. ಊರಿನ ಕಲಾಶಾಲೆಯಲ್ಲಿ ಕಲಿತು, ಯುದ್ಧವನ್ನು ಒಪ್ಪದ ಕಾರಣ ಕಡ್ಡಾಯ ಸೈನಿಕ ಸೇವೆಯ ಬದಲಿಗೆ ಆಸ್ಪತ್ರೆಯಲ್ಲಿ ದುಡಿದು, 1959ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿದ ಅವರು 1964ರಲ್ಲಿ ಲಾಸ್ ಏಂಜಲೀಸಿಗೆ ಹೋದರು. ಅಲ್ಲಿನ ನಿಚ್ಚಳ ಬಿಸಿಲನ್ನೂ ಈಜುಕೊಳಗಳನ್ನೂ ಆಕ್ರಿಲಿಕ್ ಬಣ್ಣದಲ್ಲಿ, ಎಂದರೆ ಬೇಗ ಒಣಗಿ ಸಮತಟ್ಟಾದ ಹೊಳಪುಳ್ಳ ಪದರವಾಗುವ ಕೃತಕ ಬಣ್ಣದಲ್ಲಿ, ಹಿಡಿದ ಚಿತ್ರಗಳು ಅವರಿಗೆ ಜಾಗತಿಕ ಖ್ಯಾತಿ ತಂದವು. 1972ರಲ್ಲಿ ರಚಿಸಿದ ಈಜುಕೊಳದ ಚಿತ್ರವೊಂದು 2018ರ ಹರಾಜಿನಲ್ಲಿ ಸುಮಾರು 9 ಕೋಟಿ ಡಾಲರಿಗೆ ಮಾರಾಟವಾಗಿ, ಬದುಕಿರುವ ಕಲಾವಿದರೊಬ್ಬರ ಕೃತಿಗೆ ಅಲ್ಲಿಯವರೆಗೆ ಸಂದ ಅತಿ ಹೆಚ್ಚಿನ ಬೆಲೆಯೆನಿಸಿತು. ಈ ಮೊತ್ತದ ಸುದ್ದಿಯಷ್ಟು ಅವರ ಭೂದೃಶ್ಯಗಳ ಸುದ್ದಿ ಹರಡಲಿಲ್ಲವೆಂಬುದು ಕಲಾವ್ಯಾಪಾರದ ಬಗ್ಗೆ ಹೇಳುವಷ್ಟು ಹಾಕ್ನಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಭೂದೃಶ್ಯದ ಕಡೆಗೆ ಅವರನ್ನು ತಿರುಗಿಸಿದ್ದು ನಿಸರ್ಗಪ್ರೇಮವೊಂದೇ ಅಲ್ಲ, ನೋಟದ ಸ್ವರೂಪವನ್ನು ಕುರಿತು ಅವರು ಹೂಡಿದ ದೀರ್ಘವಾದ ತಗಾದೆ. ಪುನರುಜ್ಜೀವನ ಕಾಲದ ಇಟಲಿಯಲ್ಲಿ ರೂಪುಗೊಂಡ ಪರ್ಸ್‌ಪೆಕ್ಟಿವ್ ಎಂಬ ವಿಧಾನದಲ್ಲಿ, ನೋಡುಗ ಒಂದೇ ಜಾಗದಲ್ಲಿ ನಿಂತು ಒಂದೇ ಕಣ್ಣಿನಿಂದ ನೋಡುತ್ತಿರುವಂತೆ ಭಾವಿಸಿ, ದೂರ ಹೋಗುವ ಗೆರೆಗಳೆಲ್ಲ ಒಂದು ಬಿಂದುವಿನಲ್ಲಿ ಸೇರುವಂತೆ ಬರೆಯಲಾಗುತ್ತದೆ. ಕ್ಯಾಮೆರಾ ಕೂಡ ಇದೇ ಕಟ್ಟಿಗೆ ಒಳಪಟ್ಟ ಯಂತ್ರ. ಆದರೆ ಮನುಷ್ಯರಿಗಿರುವುದು ಎರಡು ಕಣ್ಣು, ಅವು ಒಂದೆಡೆ ನಿಲ್ಲುವುದಿಲ್ಲ, ಈಗ ಕಂಡದ್ದರೊಳಗೆ ಆಗ ಕಂಡದ್ದರ ನೆನಪೂ ಬೆರೆತಿರುತ್ತದೆ ಎಂಬುದು ಹಾಕ್ನಿಯ ಆಕ್ಷೇಪ. ಆದ್ದರಿಂದಲೇ ಅವರು 1980ರಲ್ಲಿ ತಮ್ಮ ಮನೆಯಿಂದ ಸ್ಟುಡಿಯೋಕ್ಕೆ ಹೋಗುವ ಮಲ್‌ಹಾಲೆಂಡ್ ಡ್ರೈವ್ ರಸ್ತೆಯನ್ನು, ಕಾರಿನಲ್ಲಿ ಸಾಗುತ್ತ ಕಂಡ ತಿರುವುಗಳೆಲ್ಲ ಒಂದೇ ಹರವಿನ ಮೇಲೆ ಹೊಯ್ದಾಡುವಂತೆ, ಬಹುಪಾಲು ನೆನಪಿನಿಂದಲೇ ಚಿತ್ರಿಸಿದರು. 1986ರ ‘ಪೇರ್‌ಬ್ಲಾಸಮ್ ಹೈವೇ’ ಕೃತಿಯಲ್ಲಿ ನೂರಾರು ಫೋಟೋಗಳನ್ನು ಜೋಡಿಸಿ ಮರುಭೂಮಿಯ ಅಡ್ಡರಸ್ತೆಯೊಂದನ್ನು ಕಟ್ಟಿದಾಗ, ಒಂದೊಂದು ಫೋಟೋವೂ ತನ್ನದೇ ನಿಲುವಿನಿಂದ ತೆಗೆದದ್ದಾದ ಕಾರಣ, ಒಟ್ಟು ಚಿತ್ರಕ್ಕೆ ಒಂದೇ ನಿಲುವೆಂಬುದು ಇಲ್ಲವಾಯಿತು. ಬಿಚ್ಚುತ್ತ ಹೋದಂತೆ ಪಯಣವೇ ತೆರೆದುಕೊಳ್ಳುವ ಚೀನೀ ಸುರುಳಿಚಿತ್ರಗಳು ಅವರಿಗೆ ಈ ದಾರಿಯಲ್ಲಿ ದೊಡ್ಡ ಆಸರೆಯಾದವು.

ಯಾರ್ಕ್‌ಷೈರಿನ ನೆಲ ಅವರ ಕುಂಚಕ್ಕೆ ಬಂದದ್ದು ದುಃಖದ ಕಾಲದಲ್ಲಿ. 1997ರ ಬೇಸಿಗೆಯಲ್ಲಿ ಆಪ್ತಮಿತ್ರ ಜೊನಾಥನ್ ಸಿಲ್ವರ್ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಾಗ, ಅವರನ್ನು ಕಾಣಲು ಹಾಕ್ನಿ ಕಡಲತಡಿಯ ಬ್ರಿಡ್ಲಿಂಗ್ಟನ್‌ನಿಂದ ವೆದರ್ಬಿಗೆ ಮತ್ತೆ ಮತ್ತೆ ಪಯಣಿಸುತ್ತಿದ್ದರು. ಆ ದಾರಿ ಹಾಯುವುದು ವೋಲ್ಡ್ಸ್ ಎಂಬ, ಸುಣ್ಣಕಲ್ಲಿನ ತಗ್ಗುಗುಡ್ಡಗಳ ಪ್ರದೇಶದಲ್ಲಿ. ಹದಿಹರೆಯದಲ್ಲಿ ಸುಗ್ಗಿಯ ಕೂಲಿಗೆಂದು ಹೋಗಿ ಅವರು ಬಲ್ಲ ಹೊಲಗಳೇ ಅವು. ಆ ಪಯಣಗಳಿಂದ ಹುಟ್ಟಿದ ‘ದಿ ರೋಡ್ ಅಕ್ರಾಸ್ ದಿ ವೋಲ್ಡ್ಸ್’, ‘ಗ್ಯಾರೊಬಿ ಹಿಲ್’ ಚಿತ್ರಗಳಲ್ಲಿ ರಸ್ತೆ ದಿಣ್ಣೆಯ ಅಂಚಿನಲ್ಲಿ ಹೊರಳಿ ಇಳಿಯುತ್ತದೆ, ಹೊಲಗಳ ತುಂಡುಗಳು ಕೌದಿಯ ತೇಪೆಗಳಂತೆ ಹರಡಿಕೊಳ್ಳುತ್ತವೆ. ಸಾವಿನ ಹತ್ತಿರದಲ್ಲಿ ಬಿಡಿಸಿದವೆಂದು ಬಣ್ಣಗಳನ್ನು ನೋಡಿ ಯಾರೂ ಊಹಿಸಲಾರರು.

2000ದ ದಶಕದ ನಡುವೆ ಬ್ರಿಡ್ಲಿಂಗ್ಟನ್‌ನಲ್ಲಿ ನೆಲೆನಿಂತ ಹಾಕ್ನಿ, ಮೊದಲು ಜಲವರ್ಣದಲ್ಲಿ, ಅನಂತರ ತೈಲವರ್ಣದಲ್ಲಿ, ಮಳೆ ಚಳಿಗಳ ಲೆಕ್ಕವಿಡದೆ ಹೊರಗೇ ನಿಂತು ಚಿತ್ರಿಸತೊಡಗಿದರು. 2007ರ ‘ಬಿಗರ್ ಟ್ರೀಸ್ ನಿಯರ್ ವಾರ್ಟರ್’ 50 ಕ್ಯಾನ್ವಾಸುಗಳನ್ನು ಕೂಡಿಸಿದ, ಸುಮಾರು 40 ಅಡಿ ಅಗಲ, 15 ಅಡಿ ಎತ್ತರದ ಚಿತ್ರ. ಇಷ್ಟು ದೊಡ್ಡದನ್ನು ಒಟ್ಟಿಗೆ ನಿಲ್ಲಿಸಿ ನೋಡುವಷ್ಟು ಜಾಗವಿಲ್ಲದ್ದರಿಂದ, ಕೆಲವೇ ಕ್ಯಾನ್ವಾಸುಗಳನ್ನು ಬಯಲಿಗೆ ಒಯ್ದು ಬರೆದು, ಮುಗಿದ ಭಾಗಗಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಇಡಿಯ ಚಿತ್ರವನ್ನು ಪರಿಶೀಲಿಸಲಾಯಿತು. ವಸಂತ ಚಿಗುರುವ ಮುನ್ನಿನ ಬೋಳುಮರಗಳ ಕೊಂಬೆಗಳು ಅದರಲ್ಲಿ ಆಕಾಶವನ್ನೆಲ್ಲ ಆವರಿಸಿವೆ. ಎದುರು ನಿಂತವರ ಕತ್ತು ತಾನಾಗಿ ಮೇಲೆದ್ದು ಎಡಬಲಕ್ಕೆ ತಿರುಗುತ್ತದೆ, ಚಿತ್ರ ಒಂದೇ ನೋಟಕ್ಕೆ ದಕ್ಕುವುದಿಲ್ಲ. ಮರುವರ್ಷ ಅವರು ಅದನ್ನು ಲಂಡನ್ನಿನ ಟೇಟ್ ಸಂಗ್ರಹಾಲಯಕ್ಕೆ ಉಚಿತವಾಗಿ ಕೊಟ್ಟರು.

ಋತುಗಳ ಕಡೆಗಿನ ಅವರ ಹಂಬಲಕ್ಕೆ ಕ್ಯಾಲಿಫೋರ್ನಿಯಾದ ಹಿನ್ನೆಲೆಯೂ ಕಾರಣ. ವರ್ಷವಿಡೀ ಒಂದೇ ಬಿಸಿಲಿನ ನಾಡಿನಲ್ಲಿ ದಶಕಗಳನ್ನು ಕಳೆದವರಿಗೆ, ತಿಂಗಳುಗಟ್ಟಲೆ ಬೆಳಕೇ ಬಡವಾದ ಚಳಿಗಾಲದ ಬಳಿಕ ಬೇಲಿಯ ಹಾಥಾರ್ನ್ ಗಿಡಗಳು ಬಿಳಿಯಾಗಿ ಹೂ ಬಿಡುವುದು ಸಣ್ಣ ಸಂಗತಿಯಲ್ಲ. ಹೊಂಗೆ ಚಿಗುರುವ ಹೊತ್ತಿಗೇ ಬಿಸಿಲು ಸುಡತೊಡಗುವ ಕನ್ನಡನಾಡಿನ ಓದುಗರು ಈ ಸಂಭ್ರಮವನ್ನು ಕೊಂಚ ಊಹಿಸಿಕೊಂಡೇ ಅರಿಯಬೇಕು. 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡ ‘ದಿ ಅರೈವಲ್ ಆಫ್ ಸ್ಪ್ರಿಂಗ್’ ಕೃತಿಗಾಗಿ ಅವರು ವೋಲ್ಡ್‌ಗೇಟ್ ಎಂಬ ಹಳ್ಳಿದಾರಿಯಲ್ಲಿ ವಸಂತ ಬಂದ ಬಗೆಯನ್ನು ಐಪ್ಯಾಡ್ ಪರದೆಯ ಮೇಲೆ ಬೆರಳು ಮತ್ತು ಕಡ್ಡಿಯಿಂದ ದಾಖಲಿಸಿ, ಅಂಥ 51 ಚಿತ್ರಗಳ ದೊಡ್ಡ ಮುದ್ರಣಗಳನ್ನು 32 ಕ್ಯಾನ್ವಾಸುಗಳ ಒಂದು ತೈಲಚಿತ್ರದೊಡನೆ ಇರಿಸಿದರು. ಬಣ್ಣ ಒಣಗುವವರೆಗೆ ಕಾಯಬೇಕಿಲ್ಲದ ಈ ಸಾಧನದಿಂದ ನಸುಕಿನ ಕ್ಷಣಿಕ ಬೆಳಕನ್ನೂ ಹಿಡಿಯುವ ವೇಗ ದೊರೆತದ್ದು ನಿಜ. ಆದರೆ ಅಂಗೈಯಗಲದ ಪರದೆಯ ಗೆರೆಯನ್ನು ಗೋಡೆಯಷ್ಟಕ್ಕೆ ಹಿಗ್ಗಿಸಿದಾಗ ತೈಲವರ್ಣದ ಒಡಲಿಲ್ಲದ ತೆಳುವು ಕಾಣುತ್ತದೆ, ಕೆಲವು ಹಸಿರುಗಳು ಕಣ್ಣಿಗೆ ಚುಚ್ಚುತ್ತವೆ ಎಂಬ ದೂರನ್ನು ತಳ್ಳಿಹಾಕಲಾಗದು. ಅವರೇ 2013ರ ವಸಂತವನ್ನು ಬಣ್ಣವನ್ನೆಲ್ಲ ಬಿಟ್ಟು ಇದ್ದಿಲಿನಲ್ಲಿ 25 ಚಿತ್ರಗಳಾಗಿ ಬಿಡಿಸಿದರು. ಇಡೀ ಯಾರ್ಕ್‌ಷೈರ್ ಕೃತಿಗಳಲ್ಲಿ ಹೆಚ್ಚು ಕಾಲ ಉಳಿಯುವವು ಬಹುಶಃ ಇವೇ.

2019ರಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಹೋಗಿ ಹಳೆಯ ತೋಟದಮನೆಯೊಂದರಲ್ಲಿ ನೆಲೆಸಿದ ಹಾಕ್ನಿಗೆ, ಮರುವರ್ಷದ ಕೋವಿಡ್ ನಿರ್ಬಂಧಗಳು ಅಡ್ಡಿಯಾಗುವ ಬದಲು ಬಿಡುವಾಗಿ ಒದಗಿದವು. ಹನ್ನೊಂದನೆಯ ಶತಮಾನದ ಯುದ್ಧವೊಂದನ್ನು ಸುಮಾರು 70 ಮೀಟರ್ ಉದ್ದದ ಬಟ್ಟೆಯ ಮೇಲೆ ಕಸೂತಿಯಲ್ಲಿ ಹೇಳಿರುವ ಬಾಯೂ ಪಟ ಆ ಪ್ರಾಂತ್ಯದ್ದೇ. ಅದರ ಮಾದರಿಯಲ್ಲಿ ಅವರು ಐಪ್ಯಾಡ್ ಚಿತ್ರಗಳನ್ನು ಬೆಸೆದು 90 ಮೀಟರಿಗೂ ಮಿಕ್ಕ ‘ಎ ಇಯರ್ ಇನ್ ನಾರ್ಮಂಡಿ’ ಪಟ್ಟಿಕೆಯನ್ನು ರೂಪಿಸಿದರು. 2021ರಲ್ಲಿ ಅದನ್ನು ತೂಗುಹಾಕಿದ್ದು ಪ್ಯಾರಿಸ್ಸಿನ ಒರಾಂಜರಿ ಸಂಗ್ರಹಾಲಯದಲ್ಲಿ, ಮೊನೆಯ ನೈದಿಲೆಗಳಿರುವ ಕಟ್ಟಡದಲ್ಲೇ. ಒಂದೆಡೆ ನಿಂತು ನೋಡಿ ಮುಗಿಸಲು ಅಲ್ಲಿ ಸಾಧ್ಯವಿರಲಿಲ್ಲ. ಬಂದವರು ಚಳಿಗಾಲದ ಬೋಳು ಕೊಂಬೆಗಳಿಂದ ನಡೆಯತೊಡಗಿ, ಸೇಬಿನ ಹೂವು, ಬೇಸಿಗೆಯ ಮಳೆ, ಉದುರುವ ಎಲೆಗಳನ್ನು ದಾಟುತ್ತ ಮತ್ತೆ ಚಳಿಗಾಲವನ್ನು ತಲುಪಬೇಕಾಗಿತ್ತು.